ಬೀಗರ ಮನೆಯ ಬೋಟಿ

ನಿಮ್ಮ ಮಗಳ ಮದುವೆ ಆಗಿದೆ ಎಂದಿಟ್ಟುಕೊಳ್ಳಿ. ಹುಡುಗ ಒಳ್ಳೆಯವನು, ಮನೆತನವೂ ಒಳ್ಳೆಯದು, ನಮಾಝು-ಉಪವಾಸ ಇರುವ ಮನೆ. ವ್ಯತ್ಯಾಸ ಒಂದೇ. ನೀವು ಮಂಗಳೂರು ಕಡೆಯ ಬ್ಯಾರಿಗಳು, ಅವರು ಬೆಂಗಳೂರಿನಲ್ಲಿ ತಲೆಮಾರುಗಳಿಂದ ನೆಲೆಸಿರುವ ಉರ್ದು ಮಾತನಾಡುವವರು. ಮದುವೆ ಮಾತುಕತೆಯ ಹೊತ್ತಿಗೆ ನೀವು ಮಹ್ರ್ ಎಷ್ಟು ಎಂದು ಮಾತನಾಡಿದಿರಿ, ಹುಡುಗನ ಸಂಬಳ ವಿಚಾರಿಸಿದಿರಿ, ಮನೆ ಸ್ವಂತದ್ದೋ ಬಾಡಿಗೆಯದೋ ಎಂದು ಕೇಳಿದಿರಿ. ಆ ಮನೆಯಲ್ಲಿ ಬೆಳಿಗ್ಗೆ ಏನು ತಿನ್ನುತ್ತಾರೆ ಎಂದು ಕೇಳಿದಿರಾ? ಯಾರೂ ಕೇಳುವುದಿಲ್ಲ. ಆದರೆ ಮದುವೆಯಾದ ಮೊದಲ ವಾರದಲ್ಲಿ ನಿಮ್ಮ ಮಗಳ ಕಣ್ಣಲ್ಲಿ ನೀರು ಬರಿಸುವುದು ಸಂಬಳವಲ್ಲ, ಮನೆಯೂ ಅಲ್ಲ. ಹೆಚ್ಚಾಗಿ ಅದು ತಟ್ಟೆಯಲ್ಲಿರುವ ಯಾವುದೋ ಒಂದು ವಸ್ತು.

ಹಿಂದೆ ನಮ್ಮ ಕರಾವಳಿಯ ಹುಡುಗಿಯರು ಹೆಚ್ಚಾಗಿ ಪಕ್ಕದ ಊರಿಗೇ ಸೊಸೆಯಾಗಿ ಹೋಗುತ್ತಿದ್ದರು. ಅಲ್ಲಿಯೂ ಅದೇ ಅಕ್ಕಿರೊಟ್ಟಿ, ಅದೇ ಮೀನು ಸಾರು. ಈಗ ಓದು, ಉದ್ಯೋಗ, ಕೊಲ್ಲಿ ರಾಷ್ಟ್ರಗಳ ಪರಿಚಯದಿಂದಾಗಿ ಸಂಬಂಧಗಳು ದೂರ ದೂರಕ್ಕೆ ಬೆಳೆದಿವೆ. ಬೆಂಗಳೂರು, ಮೈಸೂರು, ಹೈದರಾಬಾದ್ ಕಡೆಯ ಮನೆಗಳೊಂದಿಗೆ ಬೀಗತನ ನಡೆಯುತ್ತಿದೆ. ಇದು ಒಳ್ಳೆಯದೇ. ಆದರೆ ಬೀಗತನವೆಂದರೆ ಎರಡು ಅಡುಗೆಮನೆಗಳ ಭೇಟಿ ಕೂಡಾ ಹೌದು.

ಆ ಕಡೆಯ ಮನೆಗಳಲ್ಲಿ ಕುರಿ-ಆಡಿನ ಮಾಂಸವೆಂದರೆ ಬರೀ ತೊಡೆ, ಪಕ್ಕೆಲುಬಲ್ಲ. ಕಲೇಜಿ ಎಂದರೆ ಲಿವರ್, ಗುರ್ದಾ ಎಂದರೆ ಮೂತ್ರಪಿಂಡ, ಭೇಜಾ ಎಂದರೆ ಮಿದುಳು, ಝಬಾನ್ ಎಂದರೆ ನಾಲಗೆ, ಪಾಯ ಎಂದರೆ ಕಾಲು, ಬೋಟಿ ಎಂದರೆ ಹೊಟ್ಟೆ ಮತ್ತು ಕರುಳು. ಹೈದರಾಬಾದಿನ ನಹಾರಿಯಲ್ಲಿ ಕಾಲೂ ನಾಲಗೆಯೂ ರಾತ್ರಿಯಿಡೀ ಸಣ್ಣ ಉರಿಯಲ್ಲಿ ಬೇಯುತ್ತವೆ. ಬೆಳಿಗ್ಗೆ ಕುಲ್ಚಾದೊಂದಿಗೆ ತಿನ್ನುತ್ತಾರೆ. ಅದರ ಹೆಸರೇ ಹಗಲು ಎಂಬರ್ಥದ ‘ನಹಾರ್’ ಎಂಬ ಅರಬಿ ಪದದಿಂದ ಬಂದದ್ದು. ಬೋಟಿಯನ್ನು ಬೇಳೆಯೊಂದಿಗೆ ಹಾಕಿ ದಾಲ್ಚ ಮಾಡುವವರಿದ್ದಾರೆ. ಬಕ್ರೀದಿನ ದಿನ ಕುರ್ಬಾನಿಯ ಮಾಂಸ ಮನೆಗೆ ಬಂದೊಡನೆ ಮೊದಲು ಬಾಣಲೆಗೆ ಬೀಳುವುದು ಕಲೇಜಿ.

ನಮ್ಮ ಕಡೆ ಇವು ಇಲ್ಲವೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಲಿವರ್ ತಿನ್ನುವ ಮನೆಗಳು ನಮ್ಮಲ್ಲೂ ಬೇಕಾದಷ್ಟಿವೆ, ಬೋಟಿ ಮಾಡುವವರೂ ಇದ್ದಾರೆ. ಆದರೆ ದಿನನಿತ್ಯ ಮೀನು ತಿಂದು ಬೆಳೆದ ಎಷ್ಟೋ ಹೆಣ್ಣುಮಕ್ಕಳು ಮಿದುಳನ್ನು ಬಟ್ಟಲಲ್ಲಿ ಕಂಡದ್ದು ಗಂಡನ ಮನೆಯಲ್ಲೇ ಮೊದಲು.

ಎರಡು ತುತ್ತಿನ ಕತೆ

ನನಗೆ ಗೊತ್ತಿರುವ ಒಂದು ಮನೆಯ ವಿಷಯ ಹೇಳುತ್ತೇನೆ. ಹುಡುಗಿ ನನ್ನಲ್ಲಿ ಕಲಿತವಳು. ಮದುವೆಯಾಗಿ ಬೆಂಗಳೂರಿಗೆ ಹೋದಳು. ನಾಲ್ಕನೆಯ ದಿನ ಅತ್ತೆ ವಿಶೇಷವಾಗಿ ಬೋಟಿ ಮಾಡಿ, “ಖಾವೋ ಬೇಟಿ” ಎಂದು ತಾವೇ ಬಡಿಸಿದರು. ಇವಳು ಎರಡು ತುತ್ತು ತಿಂದಳು, ಮೂರನೆಯದಕ್ಕೆ ಎದ್ದು ಬಚ್ಚಲಿಗೆ ಓಡಿದಳು. ಆಗ ಯಾರೂ ಏನೂ ಹೇಳಲಿಲ್ಲ. ರಾತ್ರಿ ತಾಯಿಗೆ ಫೋನು ಮಾಡಿ ಬ್ಯಾರಿ ಭಾಷೆಯಲ್ಲಿ ಎಲ್ಲವನ್ನೂ ಹೇಳಿ, ನಕ್ಕು, ಅತ್ತು ಹಗುರಾದಳು. ಇಲ್ಲಿ ತನ್ನ ಭಾಷೆ ಯಾರಿಗೂ ತಿಳಿಯುವುದಿಲ್ಲ ಎಂದುಕೊಂಡಿದ್ದಳು. ಆದರೆ ಬೋಟಿ ಎಂಬ ಪದ ಎರಡೂ ಕಡೆ ಒಂದೇ ಅಲ್ಲವೇ? ‘ಛೀ’ ಎಂಬುದಕ್ಕೆ ಅನುವಾದ ಬೇಕೇ? ನಾದಿನಿ ಕೇಳಿಸಿಕೊಂಡಳು.

ಮರುದಿನದಿಂದ ಅತ್ತೆ ಸೊಸೆಗೆ ಬೇರೆ ಅಡುಗೆ ಮಾಡತೊಡಗಿದರು. ದಾಲ್ ಮತ್ತು ಮೊಟ್ಟೆ. ಬೈಯಲಿಲ್ಲ, ಕೂಗಾಡಲಿಲ್ಲ. ಬಂದವರ ಮುಂದೆ ಮಾತ್ರ, “ನಮ್ಮ ಕೈಯಡುಗೆ ಅವಳಿಗೆ ಹೇಸಿಗೆ” ಎಂದರು. ಮಗ ಎರಡೂ ಕಡೆ ಕೇಳುತ್ತಾ ಸುಮ್ಮನಿದ್ದ. ಎರಡು ತಿಂಗಳಾಗುವಷ್ಟರಲ್ಲಿ ಹುಡುಗಿ ತವರಿಗೆ ಬಂದು ಕುಳಿತಳು. ಹಿರಿಯರು ಸೇರಿ ಮಾತನಾಡಬೇಕೆಂಬ ಹಂತಕ್ಕೆ ವಿಷಯ ಹೋಯಿತು. ಹಿರಿಯರ ಮುಂದೆ ಬೋಟಿಯ ಮಾತೇ ಬರಲಿಲ್ಲ. ಸೊಸೆಗೆ ಗೌರವ ಕೊಡುವುದಿಲ್ಲ ಎಂದು ಇವರು, ಸೊಸೆಗೆ ಸೊಕ್ಕು ಎಂದು ಅವರು. ಓದುಗರೇ, ಹೀಗೆ ದೊಡ್ಡ ಹೆಸರು ಹೊತ್ತು ಬರುವ ಜಗಳಗಳ ಬುಡದಲ್ಲಿ ಎಷ್ಟು ಸಲ ಒಂದು ಬಟ್ಟಲು ಸಾರು ಇರುತ್ತದೆ ಎಂದು ನೀವು ಗಮನಿಸಿದ್ದೀರಾ?

ಅತ್ತೆಗೆ ಅಷ್ಟು ನೋವಾದದ್ದೇಕೆ? ಇದು ಅರ್ಥವಾಗಬೇಕಾದರೆ ಬೋಟಿ ತೊಳೆಯುವುದನ್ನು ಒಮ್ಮೆ ನೋಡಬೇಕು. ಮೊದಲು ಹೊಟ್ಟೆಯನ್ನು ಸೀಳಿ, ಒಳಗಿನದನ್ನು ಚೆಲ್ಲಿ, ನಾಲ್ಕಾರು ನೀರಿನಲ್ಲಿ ತೊಳೆಯಬೇಕು. ಆಮೇಲೆ ಬಿಸಿನೀರಿಗೆ ಹಾಕಿ, ಹಲವರು ಸುಣ್ಣವನ್ನೂ ಹಚ್ಚಿ, ಮೇಲಿನ ಕಪ್ಪು ಪದರವನ್ನು ಚೂರಿಯಿಂದ ಕೆರೆಯಬೇಕು. ದಪ್ಪ ಟವೆಲಿನಂತಹ ಆ ಚರ್ಮ ಬೆಳ್ಳಗಾಗುವ ತನಕ ಬಿಡುವಂತಿಲ್ಲ. ಕರುಳನ್ನು ಕಡ್ಡಿಯಿಂದ ಒಳಹೊರಗು ಮಾಡಿ ತೊಳೆಯಬೇಕು. ಉಪ್ಪು-ಅರಶಿನ ಹಾಕಿ ಉಜ್ಜಬೇಕು. ಕುದಿಸಿ ಮೊದಲ ನೀರು ಚೆಲ್ಲಬೇಕು. ಇಷ್ಟೆಲ್ಲ ಆದ ಮೇಲೆ ಮಸಾಲೆ ಹಾಕಿ ಬೇಯಿಸುವ ಕೆಲಸ. ಬೆಳಿಗ್ಗೆ ಆರಂಭಿಸಿದರೆ ಮಧ್ಯಾಹ್ನದ ಊಟಕ್ಕೆ ತಯಾರಾದೀತು. ಬೇಡದ ಸೊಸೆಗೆ ಯಾರೂ ಬೋಟಿ ತೊಳೆಯುವುದಿಲ್ಲ. ಅಂಗಡಿಯಿಂದ ಬಿರಿಯಾನಿ ತರಿಸುತ್ತಾರೆ.

ಪಾಯವೂ ಹಾಗೆಯೇ. ಕಾಲುಗಳನ್ನು ಬೆಂಕಿಯಲ್ಲಿ ಸುಟ್ಟು, ಕೂದಲು ಕೆರೆದು, ತೊಳೆದು, ಗಂಟೆಗಟ್ಟಲೆ ಸಣ್ಣ ಉರಿಯಲ್ಲಿ ಇಡಬೇಕು. ಕಾಲಿನ ಚರ್ಮ ಮತ್ತು ನರಗಳು ಕರಗಿ ಸಾರು ಅಂಟಂಟಾಗುತ್ತದೆ. ಕುಡಿದರೆ ತುಟಿಗೆ ತುಟಿ ಅಂಟಬೇಕು, ಆಗಲೇ ಅದು ಪಾಯ ಎನ್ನುತ್ತಾರೆ ತಿಳಿದವರು. ಭೇಜಾವನ್ನು ನೀರಿನಲ್ಲಿ ನೆನೆಸಿ, ಮೇಲಿನ ತೆಳು ಪೊರೆಯನ್ನೂ ರಕ್ತನಾಳಗಳನ್ನೂ ಒಡೆಯದಂತೆ ಬಿಡಿಸಬೇಕು. ನಾಲಗೆಯನ್ನು ಬೇಯಿಸಿ ಒರಟು ಚರ್ಮ ಸುಲಿಯಬೇಕು. ಕಲೇಜಿಯೊಂದೇ ಬೇಗ ಆಗುವಂಥದ್ದು, ಹೆಚ್ಚು ಹೊತ್ತು ಬೇಯಿಸಿದರೆ ರಬ್ಬರಿನಂತಾಗುತ್ತದೆ.

ಈ ಅಡುಗೆಗಳ ಹಿಂದೆ ಬಡತನದ ಜಾಣ್ಮೆಯೂ ಇದೆ. ತೊಡೆಯ ಮಾಂಸ ಕೊಳ್ಳಲಾಗದವನು ಕಡಿಮೆ ಬೆಲೆಯ ಬೋಟಿ ಕೊಂಡ. ಮನೆಯ ಹೆಂಗಸು ತನ್ನ ಶ್ರಮವನ್ನು ಅದಕ್ಕೆ ಸೇರಿಸಿ ಹಬ್ಬದೂಟ ಮಾಡಿದಳು. ಒಂದು ಜೀವವನ್ನು ಅಲ್ಲಾಹನ ಹೆಸರಿನಲ್ಲಿ ಝಬಹ್ ಮಾಡಿದ ಮೇಲೆ ತಿನ್ನಬಹುದಾದ ಯಾವ ಭಾಗವನ್ನೂ ಎಸೆಯಬಾರದೆಂಬ ಭಾವನೆ ಅದರಲ್ಲಿದೆ. ಇದನ್ನು ‘ಕೊಳಕು ಊಟ’ ಎನ್ನುವಾಗ ನಾವು ಯಾರನ್ನು ಹೀಯಾಳಿಸುತ್ತಿದ್ದೇವೆ ಎಂದು ಯೋಚಿಸಬೇಕು.

ಮೈಮೂನಾ(ರ)ರ ಮನೆಯ ಊಟ

ಹಾಗಾದರೆ ಹೊಟ್ಟೆಗೆ ಒಗ್ಗದಿದ್ದರೂ ಕಣ್ಣುಮುಚ್ಚಿ ತಿನ್ನಬೇಕೇ? ಅತ್ತೆಯ ಮನಸ್ಸು ನೋಯಬಾರದೆಂದು ನುಂಗಬೇಕೇ? ಇಲ್ಲ. ಈ ವಿಷಯದಲ್ಲಿ ನಮಗೆ ಒಂದು ಸುಂದರ ಮಾದರಿ ಇದೆ. ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಇರುವ ಹದೀಸ್ ಇದು. ಮದ್ರಸದಲ್ಲಿ ಇದನ್ನು ಯಾವ ಪ್ರಾಣಿ ಹಲಾಲ್ ಎಂಬ ಅಧ್ಯಾಯದಲ್ಲಿ ಓದಿಸುತ್ತಾರೆ. ಬೀಗರ ಅಧ್ಯಾಯದಲ್ಲೂ ಓದಿಸಬಹುದಿತ್ತು ಎಂದು ನನಗೆ ಅನ್ನಿಸುತ್ತದೆ.

ಒಂದು ದಿನ ಪ್ರವಾದಿವರ್ಯರು(ಸ) ತಮ್ಮ ಪತ್ನಿ ಮೈಮೂನಾ(ರ)ರ ಮನೆಗೆ ಬಂದರು. ಜೊತೆಯಲ್ಲಿ ಖಾಲಿದ್ ಬಿನ್ ವಲೀದ್(ರ) ಇದ್ದರು. ಮೈಮೂನಾ ಅವರಿಗೆ ಚಿಕ್ಕಮ್ಮ. ಮೈಮೂನಾರ ಸಹೋದರಿ ಹುಫೈದಾ(ರ) ನಜ್ದ್ ಪ್ರದೇಶದಿಂದ ತಂದಿದ್ದ ಊಟ ಮನೆಯಲ್ಲಿತ್ತು. ಸುಟ್ಟ ‘ದಬ್ಬ್’. ಮರುಭೂಮಿಯಲ್ಲಿ ಸಿಗುವ, ನಮ್ಮ ಉಡವನ್ನು ಹೋಲುವ ಪ್ರಾಣಿ. ಪ್ರವಾದಿಯವರು(ಸ) ಕೈ ಚಾಚಿದರು. ಅಲ್ಲಿದ್ದ ಒಬ್ಬ ಮಹಿಳೆ, ಬಡಿಸಿದ್ದು ಏನೆಂದು ಅವರಿಗೆ ಹೇಳಿಬಿಡಿ ಎಂದರು. ದಬ್ಬ್ ಎಂದು ತಿಳಿದಾಗ ಅವರು ಕೈ ಹಿಂದೆಗೆದುಕೊಂಡರು. ಇದು ಹರಾಮೇ ಎಂದು ಖಾಲಿದ್(ರ) ಕೇಳಿದರು. ಅಲ್ಲ, ಇದು ನನ್ನ ಜನರ ನಾಡಿನಲ್ಲಿ ಇಲ್ಲದ್ದು, ಆದ್ದರಿಂದ ನನಗೆ ಮನಸ್ಸಾಗುವುದಿಲ್ಲ ಎಂಬರ್ಥದಲ್ಲಿ ಪ್ರವಾದಿಯವರು(ಸ) ಉತ್ತರಿಸಿದರು. ಖಾಲಿದ್(ರ) ಬಟ್ಟಲನ್ನು ತಮ್ಮ ಕಡೆಗೆ ಎಳೆದುಕೊಂಡು ತಿಂದರು. ಪ್ರವಾದಿಯವರು(ಸ) ನೋಡುತ್ತಾ ಕುಳಿತಿದ್ದರು.

ಇನ್ನೊಂದು ವರದಿಯ ಪ್ರಕಾರ ಆ ಸಹೋದರಿ ತುಪ್ಪ ಮತ್ತು ಒಣಗಿಸಿದ ಮೊಸರಿನ ಗಿಣ್ಣನ್ನೂ ಕಳುಹಿಸಿದ್ದರು. ಪ್ರವಾದಿಯವರು(ಸ) ಅವೆರಡನ್ನೂ ತಿಂದರು, ದಬ್ಬನ್ನು ಮಾತ್ರ ಬಿಟ್ಟರು.

ಓದುಗರೇ, ಇದನ್ನು ಇನ್ನೊಮ್ಮೆ ನಿಧಾನವಾಗಿ ಓದಿ. ಊಟ ಬಂದದ್ದು ಪತ್ನಿಯ ತವರಿನ ಕಡೆಯಿಂದ, ಬೇರೆ ಪ್ರದೇಶದಿಂದ. ಅಭ್ಯಾಸವಿಲ್ಲದ ಪ್ರಾಣಿ. ನಮ್ಮ ಹುಡುಗಿಯ ಪರಿಸ್ಥಿತಿಯೇ ಅಲ್ಲವೇ? ಅವರು ಒತ್ತಾಯಕ್ಕೆ ನುಂಗಲಿಲ್ಲ. ಅಸಹ್ಯ ತೋರಿಸಲಿಲ್ಲ. ಕಾರಣವನ್ನು ಊಟದ ಮೇಲೆ ಹೊರಿಸದೆ ತಮ್ಮ ಅಭ್ಯಾಸದ ಮೇಲೆ ಹೊರಿಸಿದರು. ಅದೇ ಉಡುಗೊರೆಯಲ್ಲಿ ತಮಗೆ ಹಿಡಿಸಿದ್ದನ್ನು ತಿಂದು, ಕಳುಹಿಸಿದವರ ಮನಸ್ಸು ಉಳಿಸಿದರು. ತಿನ್ನುವವರನ್ನು ತಡೆಯಲಿಲ್ಲ. ಮನೆಯವರೂ ಏನು ಬಡಿಸಿದ್ದೇವೆಂದು ಮೊದಲೇ ತಿಳಿಸಿದರು, ಮೋಸದಿಂದ ತಿನ್ನಿಸಿ ಆಮೇಲೆ ನಗಲಿಲ್ಲ. ಯಾವ ಊಟವನ್ನೂ ಅವರು ಎಂದೂ ಹಳಿದದ್ದಿಲ್ಲ, ಇಷ್ಟವಾದರೆ ತಿನ್ನುತ್ತಿದ್ದರು, ಇಲ್ಲದಿದ್ದರೆ ಬಿಡುತ್ತಿದ್ದರು ಎಂದು ಅಬೂಹುರೈರಾ(ರ) ಹೇಳಿದ್ದಾರೆ.

ಜೊತೆಗೆ ಇದನ್ನೂ ನೆನಪಿಡಿ. ಒಂದು ಕಾಲಿನ ತುಂಡಿಗೆ ಕರೆದರೂ ನಾನು ಹೋಗುತ್ತೇನೆ ಎಂಬರ್ಥದ ಮಾತನ್ನು ಅವರು ಆಡಿದ್ದಾರೆ. ನೆರೆಯವಳು ಕೊಟ್ಟದ್ದು ಆಡಿನ ಗೊರಸಾದರೂ ಅದನ್ನು ಕೀಳಾಗಿ ಕಾಣಬೇಡಿ ಎಂದು ವಿಶೇಷವಾಗಿ ಮಹಿಳೆಯರಿಗೆ ಬೋಧಿಸಿದ್ದಾರೆ. ಕುರ್ಬಾನಿಯ ಕಾಲುಗಳನ್ನು ತೆಗೆದಿಟ್ಟು ಹದಿನೈದು ದಿನಗಳ ನಂತರವೂ ತಿನ್ನುತ್ತಿದ್ದೆವು ಎಂದು ಆಯಿಶಾ(ರ) ಹೇಳಿದ್ದು ಬುಖಾರಿಯಲ್ಲಿದೆ. ಪಾಯ ಎಂದರೆ ಮುಖ ತಿರುಗಿಸುವ ಮೊದಲು ಆ ಮನೆಯ ಹಸಿವನ್ನೂ ತೃಪ್ತಿಯನ್ನೂ ನೆನೆಯೋಣ.

ಹರಾಮ್ ಬೇರೆ, ಹಿಡಿಸದಿರುವುದು ಬೇರೆ

ನಮ್ಮಲ್ಲಿ ಕೆಲವರಿಗೆ ಒಂದು ಅಭ್ಯಾಸವಿದೆ. ತಮಗೆ ಹಿಡಿಸದ್ದಕ್ಕೆ ಧರ್ಮದ ಹೆಸರು ಕೊಟ್ಟುಬಿಡುತ್ತಾರೆ. “ಕರುಳು ತಿನ್ನಬಾರದಂತೆ”, “ಲಿವರ್ ಅಂದರೆ ರಕ್ತವೇ ಅಲ್ಲವೇ” ಎನ್ನುತ್ತಾರೆ. ಹರಿಯುವ ರಕ್ತ ನಿಷಿದ್ಧವೆಂದು ಕುರ್‌ಆನ್ ಸ್ಪಷ್ಟವಾಗಿ ಹೇಳಿದೆ. ಆದರೆ ಪಿತ್ತಜನಕಾಂಗ ಮತ್ತು ಗುಲ್ಮ, ಅಂದರೆ ಕಲೇಜಿ ಮತ್ತು ತಿಲ್ಲಿ, ಅನುಮತಿ ಇರುವ ಎರಡು ರಕ್ತಗಳೆಂದು ಇಬ್ನುಮಾಜದಲ್ಲಿ ಇಬ್ನುಉಮರ್(ರ)ರ ವರದಿಯಿದೆ. ಹನಫಿ ಕರ್ಮಶಾಸ್ತ್ರ ಗ್ರಂಥಗಳು ಹಲಾಲ್ ಪ್ರಾಣಿಯ ಏಳು ವಸ್ತುಗಳನ್ನು ಹೆಸರಿಸಿ ದೂರವಿಡಲು ಹೇಳುತ್ತವೆ. ಹರಿಯುವ ರಕ್ತ, ಗಂಡು-ಹೆಣ್ಣಿನ ಜನನಾಂಗಗಳು, ವೃಷಣ, ಗ್ರಂಥಿ, ಮೂತ್ರಕೋಶ ಮತ್ತು ಪಿತ್ತಕೋಶ. ಆ ಏಳರಲ್ಲಿ ಕಲೇಜಿ ಇಲ್ಲ, ಮಿದುಳಿಲ್ಲ, ನಾಲಗೆಯಿಲ್ಲ, ಪಾಯವಿಲ್ಲ, ಹೊಟ್ಟೆಯೂ ಇಲ್ಲ. ಆದ್ದರಿಂದ ತಿನ್ನಲಾಗದಿದ್ದರೆ ‘ನನಗೆ ಆಗುವುದಿಲ್ಲ’ ಎನ್ನಿ. ‘ಇದು ಆಗದು’ ಎನ್ನಬೇಡಿ.

ಇದು ಒಂದೇ ಕಡೆಯ ಪಾಠವಲ್ಲ. ಬೆಂಗಳೂರಿನ ಅಳಿಯ ಮಂಗಳೂರಿಗೆ ಬಂದಾಗ ಏನಾಗುತ್ತದೆ ನೋಡಿ. ನಾವು ಸಂಭ್ರಮದಿಂದ ಮರುವಾಯಿ ಪುಂಡಿ ಬಡಿಸುತ್ತೇವೆ, ಪಚ್ಚಿಲೆ ಸುಕ್ಕ ಮಾಡುತ್ತೇವೆ, ಬೊಂಡಾಸ್ ಹುರಿಯುತ್ತೇವೆ. ಚಿಪ್ಪಿನೊಳಗಿಂದ ಇಣುಕುವ ಆ ತುಣುಕನ್ನು ಕಂಡು ಅವನ ಮುಖ ಸಪ್ಪಗಾಗುತ್ತದೆ. ಆಗ ನಾವು, “ಇವನಿಗೆ ಕರುಳು ಆಗುತ್ತದೆ, ಮರುವಾಯಿ ಆಗುವುದಿಲ್ಲವಂತೆ” ಎಂದು ಒಳಗೆ ನಗುತ್ತೇವೆ. ಆದರೆ ಅವನು ಹಿಂಜರಿಯಲು ಬರೀ ಅಭ್ಯಾಸವಲ್ಲ, ಮದ್ಹಬ್ ಕೂಡಾ ಕಾರಣವಿರಬಹುದು. ನಾವು ಬ್ಯಾರಿಗಳು ಹೆಚ್ಚಿನವರು ಶಾಫಿಈ, ಸಮುದ್ರದ ಜೀವಿಗಳ ವಿಷಯದಲ್ಲಿ ನಮಗೆ ವಿಶಾಲ ಅನುಮತಿಯಿದೆ. ಆ ಕಡೆಯವರು ಹೆಚ್ಚಿನವರು ಹನಫಿ. ಹನಫಿ ಮದ್ಹಬಿನಲ್ಲಿ ಸಮುದ್ರದಿಂದ ಮೀನು ಮಾತ್ರ. ಸಿಗಡಿ ಮೀನಿನ ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಎಂಬುದರಲ್ಲೇ ಅವರ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಮರುವಾಯಿ, ಬೊಂಡಾಸ್ ಅವರಿಗೆ ಬರುವುದೇ ಇಲ್ಲ. ದಬ್ಬಿನ ವಿಷಯದಲ್ಲೂ ಶಾಫಿಈಗಳು ಅನುಮತಿ ಎಂದರೆ ಹನಫಿಗಳು ಅನಪೇಕ್ಷಿತ ಎಂದಿದ್ದಾರೆ. ಹೀಗಿರುವಾಗ ಅಳಿಯನಿಗೆ ‘ಒಂದೇ ಒಂದು ತಿನ್ನು’ ಎಂದು ಒತ್ತಾಯಿಸುವುದು ಪ್ರೀತಿಯೇ?

ಬಸುರಿ ಸೊಸೆ ಮತ್ತು ಕಲೇಜಿ

ಇಲ್ಲಿ ಆರೋಗ್ಯದ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಸೊಸೆ ಗರ್ಭಿಣಿ ಎಂದು ತಿಳಿದೊಡನೆ ರಕ್ತವಾಗಲಿ ಎಂದು ದಿನಾ ಕಲೇಜಿ ತಿನ್ನಿಸುವ ಅತ್ತೆಯಂದಿರಿದ್ದಾರೆ. ಉದ್ದೇಶ ಒಳ್ಳೆಯದು. ಲಿವರಿನಲ್ಲಿ ಕಬ್ಬಿಣಾಂಶ, ಬಿ-12 ಜೀವಸತ್ವ ಧಾರಾಳವಿದೆ ಎಂಬುದೂ ನಿಜ. ಆದರೆ ಅದರಲ್ಲಿ ಎ ಜೀವಸತ್ವ ಕೂಡಾ ಅತ್ಯಧಿಕ. ಮಾಂಸದಿಂದ ಬರುವ ಎ ಜೀವಸತ್ವ ಅತಿಯಾದರೆ ಹೊಟ್ಟೆಯಲ್ಲಿರುವ ಮಗುವಿನ ಬೆಳವಣಿಗೆಗೆ ಹಾನಿಯಾಗಬಹುದು, ಅದರಲ್ಲೂ ಮೊದಲ ತಿಂಗಳುಗಳಲ್ಲಿ. ಬ್ರಿಟನ್ನಿನ ಸರಕಾರಿ ಆರೋಗ್ಯ ಸೇವೆಯು ಗರ್ಭಿಣಿಯರು ಲಿವರನ್ನೇ ತಿನ್ನಬಾರದೆಂದು ಸಲಹೆ ನೀಡುತ್ತದೆ. ರಕ್ತ ಕಡಿಮೆ ಇದ್ದರೆ ವೈದ್ಯರು ಕೊಡುವ ಕಬ್ಬಿಣದ ಮಾತ್ರೆ ಇದೆ. ಆದ್ದರಿಂದ ಬಸುರಿ ಸೊಸೆ ಕಲೇಜಿ ಬೇಡವೆಂದರೆ ಅದನ್ನು ಸೊಕ್ಕು ಎನ್ನಬೇಡಿ. ವೈದ್ಯೆಯನ್ನು ಕೇಳಿ ಮುಂದುವರಿಯಿರಿ.

ಮನೆಯ ಹಿರಿಯರಿಗೂ ಎಚ್ಚರ ಬೇಕು. ಯೂರಿಕ್ ಆಸಿಡ್ ಹೆಚ್ಚಾಗಿ ಗಂಟುನೋವಿರುವವರಿಗೆ ಲಿವರ್, ಗುರ್ದಾ ಒಳ್ಳೆಯದಲ್ಲ. ಮಿದುಳಿನಲ್ಲಿ ಕೊಲೆಸ್ಟರಾಲ್ ಬಹಳ. ಹೃದಯದ ತೊಂದರೆಯಿರುವ ಬೀಗರಿಗೆ ಗೌರವವೆಂದು ಭೇಜಾ ಬಡಿಸುವುದು ಬೇಡ.

ಮನೆಯಲ್ಲಿ ಏನು ಮಾಡಬಹುದು?

ಮೊದಲ ಜವಾಬ್ದಾರಿ ಗಂಡನದು. ಎರಡೂ ಕಡೆಯ ಭಾಷೆ, ಸ್ವಭಾವ ತಿಳಿದಿರುವವನು ಅವನೊಬ್ಬನೇ. ಊಟಕ್ಕೆ ಕುಳಿತ ಮೇಲೆ ಕಣ್ಣುಸನ್ನೆ ಮಾಡಿದರೆ ಸಾಲದು. ಮೊದಲೇ ತಾಯಿಯ ಬಳಿ ಹೋಗಿ, “ಅಮ್ಮೀ, ಅವಳಿಗೆ ಇದು ಅಭ್ಯಾಸವಿಲ್ಲ, ನಿಧಾನವಾಗಿ ಆಗಲಿ” ಎನ್ನಬೇಕು. ಹೆಂಡತಿಗೂ, “ಇದು ಇಂಥದ್ದು, ಹೀಗಿರುತ್ತದೆ, ಬೇಡವಾದರೆ ಬಿಡು” ಎಂದು ತಿಳಿಸಬೇಕು. ಮೌನ ಇಲ್ಲಿ ಸಭ್ಯತೆಯಲ್ಲ.

ಸೊಸೆಯಂದಿರಿಗೆ ಒಂದು ಸಲಹೆ. ಎಲ್ಲವನ್ನೂ ಒಂದೇ ದಿನ ತಿನ್ನಬೇಕಾಗಿಲ್ಲ. ಮೊದಲು ಪಾಯದ ಸಾರು ಮಾತ್ರ ಹಾಕಿಸಿಕೊಳ್ಳಿ. ಆಮೇಲೆ ಚೆನ್ನಾಗಿ ಹುರಿದ ಕಲೇಜಿಯ ಸಣ್ಣ ತುಂಡು. ಬೋಟಿ, ಭೇಜಾ ಕೊನೆಗೆ. ಆಗದೇ ಹೋದರೆ ಪಕ್ಕದಲ್ಲಿರುವ ಬಗಾರಾ ಅನ್ನವನ್ನೋ ಚಟ್ನಿಯನ್ನೋ ಮನಸಾರೆ ತಿಂದು, ಅದನ್ನು ಮಾಡಿದವರಿಗೆ ಹೇಳಿ. ತವರಿಗೆ ಫೋನು ಮಾಡುವಾಗ ಊಟದ ವಿಷಯದಲ್ಲಿ ನಾಲಗೆ ಹಿಡಿತದಲ್ಲಿರಲಿ.

ಅತ್ತೆಯಂದಿರೇ, ನೀವು ಬಡಿಸಿದ್ದನ್ನು ಪರೀಕ್ಷೆ ಮಾಡಬೇಡಿ. ಸೊಸೆ ಬೋಟಿ ಬಿಟ್ಟರೆ ಅವಳು ನಿಮ್ಮನ್ನು ಬಿಟ್ಟಳು ಎಂದರ್ಥವಲ್ಲ. ಅವಳ ತಟ್ಟೆಯನ್ನು ಎಲ್ಲರೂ ದಿಟ್ಟಿಸುತ್ತಿದ್ದರೆ ಅಭ್ಯಾಸವಿರುವ ಊಟವೂ ಗಂಟಲಲ್ಲಿ ಇಳಿಯದು.

ಮೇಲೆ ಹೇಳಿದ ಮನೆಯಲ್ಲಿ ಗಂಟು ಬಿಚ್ಚಿದ್ದು ಹಿರಿಯರ ಸಭೆಯಲ್ಲಲ್ಲ. ಹುಡುಗನ ವಯಸ್ಸಾದ ಖಾಲಾ ಒಬ್ಬರು ಆ ಹುಡುಗಿಯನ್ನು ಅಡುಗೆಮನೆಗೆ ಕರೆದು, ನಿನಗೆ ಆಗದಿರುವುದು ವಾಸನೆಯೋ, ನೋಡಲಿಕ್ಕೋ ಎಂದು ಕೇಳಿದರಂತೆ. ಎರಡು ತಿಂಗಳಲ್ಲಿ ಯಾರೂ ಕೇಳದಿದ್ದ ಪ್ರಶ್ನೆ. ಬಾಯಲ್ಲಿ ಜಗಿದಷ್ಟೂ ಮುಗಿಯದ ಆ ರಬ್ಬರಿನಂತಹ ತುಂಡು ಆಗುವುದಿಲ್ಲ ಎಂದಳು ಇವಳು. ಅಷ್ಟೇನಾ ಎಂದು ಖಾಲಾ ನಕ್ಕರು, ಅತ್ತೆಯೂ ನಕ್ಕರು. ಅವಳು ಇವತ್ತಿಗೂ ಬೋಟಿ ತಿನ್ನುವುದಿಲ್ಲ. ಆದರೆ ಅತ್ತೆಯ ಪಕ್ಕದಲ್ಲಿ ಕುಳಿತು ಬೋಟಿ ತೊಳೆಯುತ್ತಾಳೆ. ಪಾಯ ಮಾಡುವುದರಲ್ಲಿ ಆ ಮನೆಯಲ್ಲಿ ಈಗ ಅವಳದ್ದೇ ಕೈ. ಅತ್ತೆ ಮಂಗಳೂರಿಗೆ ಬಂದಾಗ ಮರುವಾಯಿ ಮುಟ್ಟುವುದಿಲ್ಲ, ಬಂಗುಡೆ ಮಾತ್ರ ಕೇಳಿ ಹಾಕಿಸಿಕೊಳ್ಳುತ್ತಾರೆ.

ಇನ್ನು ನಿಮ್ಮ ಮನೆಯಲ್ಲಿ ದೂರದ ಸಂಬಂಧದ ಮಾತುಕತೆ ನಡೆಯುತ್ತಿದ್ದರೆ ಒಂದು ಪ್ರಶ್ನೆ ಹೆಚ್ಚು ಕೇಳಿ. ನಿಮ್ಮಲ್ಲಿ ಏನು ತಿನ್ನುತ್ತೀರಿ, ನಮ್ಮ ಮಗಳು ತಿನ್ನದಿರುವುದು ಇಂಥದ್ದು ಎಂದು ಮೊದಲೇ ಹೇಳಿ. ಆ ಕಡೆಯವರಿಂದಲೂ ಕೇಳಿ ತಿಳಿದುಕೊಳ್ಳಿ. ಮಗಳನ್ನು ಕಳುಹಿಸುವ ಮೊದಲು ಸಾಧ್ಯವಾದರೆ ಒಮ್ಮೆ ಮನೆಯಲ್ಲೇ ಪಾಯ ಮಾಡಿ ನೋಡಿ. ಹಿಡಿಸದಿದ್ದರೆ ಹೋಗಲಿ. ಕಡಿಮೆಯೆಂದರೆ ಅದನ್ನು ಮಾಡಲು ಎಷ್ಟು ಹೊತ್ತು ಬೇಕೆಂದು ಅವಳಿಗೆ ತಿಳಿದಿರುತ್ತದೆ.